ಮುಖ ನುಣುಪಾಯಿತು, ಕತ್ತು ಉಳಿದುಕೊಂಡಿತು

ಯಾವುದಾದರೂ ಜಾಸ್ತಿ ರೀಟಚ್ ಆದ ಫೋಟೋ ನೋಡಿ. ಕೆನ್ನೆ ಮೇಣದ ಹಾಗೆ ನುಣ್ಣಗಿದೆ. ಈಗ ಕಣ್ಣನ್ನು ಸ್ವಲ್ಪ ಕೆಳಗಿಳಿಸಿ, ಕತ್ತು ನೋಡಿ. ಅಲ್ಲಿ ಅಡ್ಡ ಗೆರೆ ಇದೆ, ನವಿರು ಕೂದಲಿದೆ. ಗಲ್ಲಕ್ಕೆ ಒತ್ತಿಟ್ಟ ಕೈಯಲ್ಲಂತೂ ಗೆಣ್ಣಿನ ಸುಕ್ಕೆಲ್ಲ ಹಾಗೇ ಇದೆ. ಮುಖ ಒಬ್ಬರದು, ಕೈ ಇನ್ನೊಬ್ಬರದು ಅನ್ನಿಸುತ್ತದೆ, ಅಲ್ವಾ?

ನಾನು ರೀಟಚಿಂಗ್ ಮಾಡಿಯೇ ಹೊಟ್ಟೆ ಹೊರೆಯುವವನು. ಹಾಗಾಗಿ ರೀಟಚ್ ಮಾಡಲೇಬೇಡಿ ಅಂತ ಉಪದೇಶ ಮಾಡುವುದಿಲ್ಲ. ಇದು ಹೊಸ ಚಟವೂ ಅಲ್ಲ. ಗಾಜಿನ ನೆಗೆಟಿವ್ ಕಾಲದಲ್ಲೇ ಸ್ಟುಡಿಯೋದವರು ಚೂಪು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಪ್ರಿಂಟಿನಲ್ಲಿ ಕಪ್ಪಗೆ ಕಾಣುವ ಸುಕ್ಕು ನೆಗೆಟಿವ್‌ನಲ್ಲಿ ತಿಳಿಯಾಗಿರುತ್ತದೆ. ಅಲ್ಲಿ ಸೀಸ ತಿಕ್ಕಿದರೆ ಪ್ರಿಂಟಿನಲ್ಲಿ ಆ ಗೆರೆ ಮಾಸುತ್ತದೆ. ಆದರೆ ಅವರು ಒಂದೊಂದೇ ಗೆರೆ ನೋಡಿ, ಬೇಕೋ ಬೇಡವೋ ಯೋಚಿಸಿ ತಿಕ್ಕಬೇಕಿತ್ತು. ಈಗ ನಮ್ಮ ಸಾಫ್ಟ್‌ವೇರಿನಲ್ಲಿ ಚರ್ಮ ನುಣುಪು ಮಾಡುವ ಸ್ಲೈಡರ್ ಯೋಚಿಸುವುದಿಲ್ಲ. ಎಳೆದರೆ ಇಡೀ ಮುಖ ಹೋಯಿತು.

ನನ್ನ ತಕರಾರು ಇಷ್ಟೇ. ಚರ್ಮ ಚೆನ್ನಾಗಿಲ್ಲ ಅಂತ ನಮಗೆ ಅನ್ನಿಸುವುದು ರಂಧ್ರಗಳಿಂದಲ್ಲ. ಬೆಳಕು ನೆರಳಿನ ತೇಪೆಗಳಿಂದ. ಇಲ್ಲಿ ಸ್ವಲ್ಪ ಕಪ್ಪು, ಪಕ್ಕದಲ್ಲಿ ಸ್ವಲ್ಪ ಬಿಳಿ, ಮೂಗಿನ ಪಕ್ಕ ಒಂದಿಷ್ಟು ಕೆಂಪು. ಈಗ ಬ್ಲರ್ ಹಾಕಿ ನೋಡಿ. ಮೊದಲು ಸಾಯುವುದು ರಂಧ್ರಗಳು, ಯಾಕೆಂದರೆ ಅವು ಚಿಕ್ಕವು. ತೇಪೆ ದೊಡ್ಡದು, ಅದು ಹಾಗೇ ಇರುತ್ತದೆ. ಇನ್ನೂ ಸರಿಹೋಗಿಲ್ಲವಲ್ಲ ಅಂತ ಬ್ಲರ್ ಜಾಸ್ತಿ ಮಾಡುತ್ತೀರಿ. ತೇಪೆ ಹೋಗುವ ಹೊತ್ತಿಗೆ ಮೂಗಿನ ನೆರಳೂ ಕಲಸಿಹೋಗಿರುತ್ತದೆ. ಕಳ್ಳನನ್ನು ಬಿಟ್ಟು ಮನೆಯವರನ್ನೆಲ್ಲ ಓಡಿಸಿದ ಹಾಗೆ.

ತೇಪೆಗೆ ಮದ್ದು ಡಾಡ್ಜ್ ಅಂಡ್ ಬರ್ನ್. ಫೋಟೋದ ಮೇಲೆ 50 ಪರ್ಸೆಂಟ್ ಬೂದು ಬಣ್ಣದ ಲೇಯರ್ (ಪದರ), ಬೂದು ಕಾಣದ ಹಾಗೆ ಅದಕ್ಕೆ ಸಾಫ್ಟ್ ಲೈಟ್ ಮೋಡ್, ಬ್ರಷ್‌ನಿಂದ ಬಣ್ಣ ಇಳಿಯುವ ಪ್ರಮಾಣ, ಅಂದರೆ ಫ್ಲೋ, ಒಂದೋ ಎರಡೋ ಪರ್ಸೆಂಟ್. ಕಪ್ಪಗಿರುವ ಕಡೆ ಬಿಳಿ ಸವರುವುದು, ಬೆಳ್ಳಗಿರುವ ಕಡೆ ಕಪ್ಪು. ರಂಧ್ರ ಒಂದೂ ಹೋಗುವುದಿಲ್ಲ. ಬೋರಾಗುತ್ತದೆ, ಕೈ ನೋಯುತ್ತದೆ. ಒಂದು ಮುಖಕ್ಕೆ ಗಂಟೆ ಹಿಡಿದರೂ ಹಿಡಿಯಿತು. ಚರ್ಮದ ಟೆಕ್ಸ್ಚರ್, ಅಂದರೆ ರಂಧ್ರ ಗೆರೆಗಳು, ಒಂದು ಲೇಯರಿಗೆ, ಬಣ್ಣ ಬೆಳಕು ಇನ್ನೊಂದಕ್ಕೆ ಬಿಡಿಸಿಡುವ ಫ್ರೀಕ್ವೆನ್ಸಿ ಸೆಪರೇಷನ್ ಇದೆಯಲ್ಲ ಅನ್ನುತ್ತೀರಿ. ಇದೆ, ನಾನೂ ಬಳಸುತ್ತೇನೆ. ಟೆಕ್ಸ್ಚರ್ ಬೇರೆ ಲೇಯರ್‌ನಲ್ಲಿ ಭದ್ರವಾಗಿದೆ ಅನ್ನುವ ಧೈರ್ಯದಲ್ಲಿ ಕೆಳಗಿನ ಬಣ್ಣದ ಲೇಯರನ್ನು ಮನಸ್ಸಿಗೆ ಬಂದಷ್ಟು ಬ್ಲರ್ ಮಾಡಿದರೆ ಮಾತ್ರ, ಚಪ್ಪಟೆ ಮುಖದ ಮೇಲೆ ರಂಧ್ರ ಅಂಟಿಸಿದ ಹಾಗೆ ಕಾಣುತ್ತದೆ.

ಮೊಡವೆ ತೆಗೆಯಿರಿ, ಧಾರಾಳವಾಗಿ. ಹೀಲಿಂಗ್ ಬ್ರಷ್ ಬಂದಿದ್ದು 2002ರಲ್ಲಿ, ಫೋಟೋಶಾಪ್ 7ರಲ್ಲಿ. ಅದು ಚರ್ಮದ ಟೆಕ್ಸ್ಚರನ್ನು ನೀವು ಆರಿಸಿದ ಜಾಗದಿಂದ ತರುತ್ತದೆ, ಬಣ್ಣ ಬೆಳಕನ್ನು ಮೊಡವೆಯ ಸುತ್ತಲಿಂದ ಹೊಂದಿಸಿಕೊಳ್ಳುತ್ತದೆ. ಹಾಗಾಗಿ ಎಲ್ಲಿಂದ ತರುತ್ತೀರಿ ಅನ್ನುವುದು ಮುಖ್ಯ. ನಾನು ಹೊಸದರಲ್ಲಿ ಹಣೆಯ ಚರ್ಮ ತಂದು ಕಣ್ಣಿನ ಕೆಳಗೆ ಹಾಕಿದ್ದೆ. ಕಣ್ಣಿನ ಕೆಳಗಿನ ಚರ್ಮ ತೆಳು, ಗೆರೆಗಳು ಕೂದಲೆಳೆಯಷ್ಟು. ಅಲ್ಲಿ ಹಣೆಯ ಒರಟು ಚುಕ್ಕಿಗಳು ಕೂತರೆ ಕಿತ್ತಳೆ ಸಿಪ್ಪೆ!

ಇನ್ನೊಂದು ಮಾನಗೇಡಿನ ಕಥೆ. ಒಬ್ಬರ ತುಟಿಯ ಪಕ್ಕ ಮಚ್ಚೆ ಇತ್ತು. ಹತ್ತು ಫೋಟೋದಲ್ಲಿ ಮೂರರಲ್ಲಿ ಅಳಿಸಿದೆ, ಉಳಿದ ಏಳರಲ್ಲಿ ಮರೆತೆ. ಆಲ್ಬಂ ತಿರುಗಿಸಿದರೆ ಮಚ್ಚೆ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಅವರು ನಕ್ಕರು, ಪುಣ್ಯ. ಅಂದಿನಿಂದ ಮಚ್ಚೆ, ಗಾಯದ ಗುರುತು ಏನೇ ಇರಲಿ, ಕೇಳದೆ ಮುಟ್ಟುವುದಿಲ್ಲ.

ಕಾನೂನೂ ಬಂದಿದೆ. ಜಾಹೀರಾತಿನಲ್ಲಿ ಮಾಡೆಲ್‌ನ ಮೈಕಟ್ಟು ತೆಳ್ಳಗೆ ದಪ್ಪಗೆ ಮಾಡಿದರೆ ಹೇಳಬೇಕು ಅಂತ ಫ್ರಾನ್ಸ್ 2017ರಲ್ಲಿ ಜಾರಿಗೆ ತಂದಿತು. ನಾರ್ವೆ 2022ರಲ್ಲಿ ಚರ್ಮವನ್ನೂ ಸೇರಿಸಿತು. ಒಳ್ಳೆಯದೇ. ಆದರೆ ಮೂಲೆಯಲ್ಲಿ ಚೀಟಿ ಅಂಟಿಸಿದ ಮಾತ್ರಕ್ಕೆ ಮೇಣದ ಮುಖ ಚರ್ಮವಾಗುವುದಿಲ್ಲ.

200 ಪರ್ಸೆಂಟ್ ಝೂಮ್ ಮಾಡಿ ಕೂತರೆ ಎಲ್ಲವೂ ದೋಷವೇ. ನೋಡುವವರು ಯಾರೂ ಅಷ್ಟು ಹತ್ತಿರ ಬರುವುದಿಲ್ಲ. ನಾನು ರಾತ್ರಿ ಕೆಲಸ ಮುಗಿಸಿ ಸುಮ್ನೆ ಮಲಗುತ್ತೇನೆ. ಬೆಳಗ್ಗೆ ಎದ್ದು, ದೂರದಿಂದ ನೋಡಿ, ರೀಟಚ್ ಲೇಯರ್‌ನ ಒಪಾಸಿಟಿ, ಅಂದರೆ ಅದು ಎಷ್ಟು ಗಾಢವಾಗಿ ಕಾಣುತ್ತದೆ ಅನ್ನುವುದನ್ನು, ಇಳಿಸುತ್ತೇನೆ. ನಿನ್ನೆಯ ಫೋಟೋ ಇಲ್ಲೇ ತೆರೆದಿದೆ. 70 ಪರ್ಸೆಂಟಿಗೆ ತಂದಿದ್ದೇನೆ. ಇನ್ನೂ ಸ್ವಲ್ಪ ಇಳಿಸಬೇಕೇನೋ.