ತಲೆಕೆಳಗಾಗಿ ನಿಂತಿದ್ದ ಹ್ಯಾಲುಸಿಜೀನಿಯಾ

ಆತ್ಮೀಯರೇ, ಒಮ್ಮೆ ನಿಮ್ಮ ಕಿರುಬೆರಳನ್ನು ನೋಡಿಕೊಳ್ಳಿ. ನಾನು ಇಂದು ಹೇಳಹೊರಟಿರುವ ಜೀವಿ ಉದ್ದದಲ್ಲಿ ಅದನ್ನು ಮೀರುತ್ತಿರಲಿಲ್ಲ. ದಪ್ಪವೋ, ಗೋಣಿದಾರದಷ್ಟು. ಮೂಳೆಯಿಲ್ಲ, ಚಿಪ್ಪಿಲ್ಲ. ಇಂಥ ಮೆತ್ತನೆಯ ಮೈ ಸತ್ತ ಸ್ವಲ್ಪ ದಿನಕ್ಕೇ ಕೊಳೆತು ಮಾಯವಾಗಬೇಕಿತ್ತು. ಆದರೂ ಸುಮಾರು 50.8 ಕೋಟಿ ವರ್ಷಗಳ ಹಿಂದಿನ ಅದರ ಅಚ್ಚು ಕಲ್ಲಿನಲ್ಲಿ ಉಳಿದಿದೆ.

ಆ ಕಲ್ಲು ಇರುವುದು ಕೆನಡಾದ ರಾಕಿ ಪರ್ವತಗಳಲ್ಲಿ, ಬರ್ಜೆಸ್ ಶೇಲ್ ಎಂಬಲ್ಲಿ. ಇಂದು ಬೆಟ್ಟವಾಗಿರುವ ಆ ಜಾಗ ಅಂದು ಸಮುದ್ರದ ತಳವಾಗಿತ್ತು. ನುಣ್ಣನೆಯ ಕೆಸರು ಒಮ್ಮೆಲೇ ನುಗ್ಗಿ ಅಲ್ಲಿದ್ದ ಜೀವಿಗಳನ್ನು ಹೂತುಹಾಕಿತು. ಮೈ ಚಪ್ಪಟೆಯಾಗಿ, ಕರಿಯ ಪೊರೆಯಂತೆ ಕಲ್ಲಿಗೆ ಅಂಟಿಕೊಂಡಿತು. 1909ರಲ್ಲಿ ಈ ಜಾಗವನ್ನು ಕಂಡುಹಿಡಿದ ಅಮೆರಿಕದ ಚಾರ್ಲ್ಸ್ ವಾಲ್ಕಾಟ್, 1911ರಲ್ಲಿ ನಮ್ಮ ಜೀವಿಯನ್ನೂ ವರ್ಣಿಸಿದರು. ಅವರ ಕಣ್ಣಿಗೆ ಅದು ಬಿರುಗೂದಲಿನ ಒಂದು ಸಮುದ್ರ ಹುಳು, ಅಷ್ಟೇ.

1977ರಲ್ಲಿ ಬ್ರಿಟನ್ನಿನ ಸೈಮನ್ ಕಾನ್ವೇ ಮಾರಿಸ್ ಅದೇ ಪಳೆಯುಳಿಕೆಯನ್ನು ಮತ್ತೆ ಪರೀಕ್ಷಿಸಿದರು. ಒಂದು ಕಡೆ ಜೋಡಿ ಜೋಡಿಯಾಗಿ ಏಳು ಜೊತೆ ಗಟ್ಟಿ ಮುಳ್ಳುಗಳು. ಇನ್ನೊಂದು ಕಡೆ ಮೆತ್ತನೆಯ ಎಳೆಗಳ ಒಂದೇ ಸಾಲು. ಜೋಡಿಯಾಗಿರುವುದು ಕಾಲಲ್ಲದೆ ಮತ್ತೇನು? ಹಾಗಾಗಿ ಅದು ಮುಳ್ಳುಗಳ ಮೇಲೆ ಊರುಗೋಲು ಹಿಡಿದಂತೆ ನಡೆಯುತ್ತಿತ್ತು, ಬೆನ್ನ ಮೇಲೆ ಎಳೆಗಳು ಅಲ್ಲಾಡುತ್ತಿದ್ದವು ಎಂದು ಅವರು ಚಿತ್ರಿಸಿದರು. ಕನಸಿನಲ್ಲಿ ಕಂಡಂತಿದ್ದ ಈ ರೂಪಕ್ಕೆ ಭ್ರಮೆ ಎಂಬ ಅರ್ಥ ಬರುವ ಹ್ಯಾಲುಸಿಜೀನಿಯಾ ಎಂಬ ಹೆಸರನ್ನೂ ಇಟ್ಟರು. ಕಲ್ಲಿನಲ್ಲಿ ಕಂಡಷ್ಟಕ್ಕೆ ಆ ತರ್ಕ ಸರಿಯಾಗಿಯೇ ಇತ್ತು ಎಂಬುದು ನನ್ನ ಅಭಿಪ್ರಾಯ.

ಉತ್ತರದ ಸುಳಿವು ಸಿಕ್ಕಿದ್ದು ಚೀನಾದಲ್ಲಿ. ಯುನ್ನಾನ್ ಪ್ರಾಂತ್ಯದ ಚೆಂಗ್‌ಜಿಯಾಂಗ್‌ನಲ್ಲಿ ಇನ್ನೂ ಹಳೆಯ ಪಳೆಯುಳಿಕೆಗಳು ದೊರೆತವು. ಅವುಗಳಲ್ಲಿ ಇಂಥದೇ ಮೈಯ ಜೀವಿಗಳಿಗೆ ಜೋಡಿ ಕಾಲುಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಲಾರ್ಸ್ ರಾಮ್‌ಶೋಲ್ಡ್ ಮತ್ತು ಹೌ ಷಿಯಾನ್‌ಗುವಾಂಗ್ 1991ರಲ್ಲಿ ಹ್ಯಾಲುಸಿಜೀನಿಯಾವನ್ನು ಬುಡಮೇಲು ಮಾಡಿದರು: ಮುಳ್ಳು ಬೆನ್ನಿಗೆ, ಎಳೆಗಳೇ ಕಾಲು. ಹಾಗಾದರೆ ಎರಡನೆಯ ಸಾಲು ಎಲ್ಲಿ? ರಾಮ್‌ಶೋಲ್ಡ್ ಮೂಲ ಪಳೆಯುಳಿಕೆಯ ಕಲ್ಲನ್ನೇ ನಾಜೂಕಾಗಿ ಕೆರೆದು ನೋಡಿದರು. ಕಾಲುಗಳು ಅಲ್ಲೇ, ತೆಳು ಪದರದ ಕೆಳಗೆ ಅಡಗಿದ್ದವು. ಈ ಕಥೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಗಳಿಗೆ ಇದು. ವಾಲ್ಕಾಟ್ ಕೈಯಲ್ಲಿ ಹಿಡಿದಿದ್ದ ಕಲ್ಲಿನೊಳಗೇ ಉತ್ತರ ಎಂಬತ್ತು ವರ್ಷ ಕಾದು ಕುಳಿತಿತ್ತು.

ಇಷ್ಟಾದರೂ ತಲೆ ಯಾವುದು, ಬಾಲ ಯಾವುದು ಎಂಬ ಜಗಳ ಮುಗಿಯಲಿಲ್ಲ. ಒಂದು ತುದಿಯಲ್ಲಿದ್ದ ಉಬ್ಬಿದ ಕಪ್ಪು ಕಲೆಯನ್ನು ತಲೆಯೆಂದು ನಂಬಲಾಗಿತ್ತು. 2015ರಲ್ಲಿ ಮಾರ್ಟಿನ್ ಸ್ಮಿತ್ ಮತ್ತು ಜಾನ್-ಬರ್ನಾರ್ಡ್ ಕ್ಯಾರನ್ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಅದು ಸತ್ತ ಮೈಯಿಂದ ಹಿಂಡಿಬಂದ ದ್ರವದ ಕಲೆ ಎಂದು ತಿಳಿಯಿತು. ನಿಜವಾದ ತಲೆ ಎದುರು ತುದಿಯಲ್ಲಿತ್ತು. ಅಲ್ಲಿ ಎರಡು ಪುಟ್ಟ ಕಣ್ಣುಗಳು, ಬಾಯಿಯ ಸುತ್ತ ಹಲ್ಲಿನ ಉಂಗುರ, ಗಂಟಲೊಳಗೆ ಸೂಜಿಯಂಥ ಹಲ್ಲುಗಳು!

ಅದಕ್ಕೂ ಮುಂಚೆ, 2014ರಲ್ಲಿ, ಸ್ಮಿತ್ ಇನ್ನೊಬ್ಬ ಸಹೋದ್ಯೋಗಿಯೊಂದಿಗೆ ಹ್ಯಾಲುಸಿಜೀನಿಯಾದ ಕಾಲಿನ ಉಗುರನ್ನು ಗಮನಿಸಿದ್ದರು. ಒಂದರೊಳಗೊಂದು ಸೇರಿಸಿಟ್ಟ ಲೋಟಗಳಂತೆ ಉಗುರಿನೊಳಗೆ ಉಗುರು. ಈ ರಚನೆ ಇಂದಿಗೂ ಬದುಕಿರುವ ಒಂದು ಗುಂಪಿನಲ್ಲಿದೆ: ಕಾಡಿನ ತೇವದ ನೆಲದಲ್ಲಿ ಹರಿದಾಡುವ, ವೆಲ್ವೆಟ್ ವರ್ಮ್ ಎಂದು ಕರೆಯುವ ಮೆತ್ತನೆಯ ಜೀವಿಗಳಲ್ಲಿ.

ಆ ಗುಂಪಿನ ಒಂದು ಪ್ರಭೇದ ನಮ್ಮ ದೇಶದಲ್ಲೂ ಇದೆ. ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯಲ್ಲಿ 1911-12ರ ಹೊತ್ತಿಗೆ ಸಿಕ್ಕಿದ್ದ ಅದು ಆಮೇಲೆ ನೂರಕ್ಕೂ ಹೆಚ್ಚು ವರ್ಷ ವಿಜ್ಞಾನಿಗಳ ಕಣ್ಣಿಗೆ ಬೀಳಲಿಲ್ಲ. ಇತ್ತೀಚೆಗೆ ಅದನ್ನು ಮರಳಿ ಪತ್ತೆಹಚ್ಚಿದವರು ಬೆಂಗಳೂರಿನ ಏಟ್ರೀ ಎಂಬ ಪರಿಸರ ಅಧ್ಯಯನ ಸಂಸ್ಥೆಯ ಸಂಶೋಧಕರು. ಟಿಫ್ಲೋಪೆರಿಪಾಟಸ್ ಎಂಬ ಅದರ ಹೆಸರಿನಲ್ಲಿರುವ ಟಿಫ್ಲೋ ಎಂದರೆ ಗ್ರೀಕ್ ಭಾಷೆಯಲ್ಲಿ ಕುರುಡು. ಹ್ಯಾಲುಸಿಜೀನಿಯಾಕ್ಕೆ ಕಣ್ಣಿತ್ತು, ನಮ್ಮ ಕಾಡಿನಲ್ಲಿರುವ ಅದರ ಈ ದೂರದ ನೆಂಟನಿಗೆ ಹೊರಗೆ ಕಾಣುವ ಕಣ್ಣಿಲ್ಲ.