ಗಡಿ ದಾಟುವ ರೋಗಿ, ತಾಳೆಯಾಗದ ಮದ್ದಿನ ಪಟ್ಟಿ

ಮಾನ್ಯ ಅಧ್ಯಕ್ಷರೇ, ಆಶಾ ಕಾರ್ಯಕರ್ತೆಯರೇ, ಬಂಧುಗಳೇ,

ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಣ್ಮಕಜೆ ಕಡೆಯ ನಮ್ಮಲ್ಲಿ ಅನೇಕರು ದೊಡ್ಡ ಕಾಯಿಲೆ ಬಂದಾಗ ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಮರಳಿದ ಮೇಲೆ ತಿಂಗಳ ಮದ್ದನ್ನು ಊರಿನ ಆರೋಗ್ಯ ಕೇಂದ್ರದಿಂದ ತರುತ್ತಾರೆ. ಅಲ್ಲಿಯ ಡಿಸ್ಚಾರ್ಜ್ ಚೀಟಿ ಇಂಗ್ಲಿಷಿನಲ್ಲಿ, ಇಲ್ಲಿಯ ಮಾತು ಹೆಚ್ಚಾಗಿ ಮಲಯಾಳದಲ್ಲಿ. ಮನೆಯ ಹಿರಿಯರು ಮಾತ್ರೆಯನ್ನು ಗುರುತಿಸುವುದಾದರೋ ‘ಬೆಳಗ್ಗಿನ ಬಿಳಿಯದು’, ‘ಶುಗರಿನ ಸಣ್ಣದು’ ಎಂದು. ರೋಗಿ ಆಸ್ಪತ್ರೆ ಬದಲಿಸುವಾಗ ಮದ್ದಿನ ಪಟ್ಟಿ ತಪ್ಪುವುದು ಎಲ್ಲ ದೇಶಗಳ ಸಮಸ್ಯೆ; ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಆರಂಭಿಸಿದ ಔಷಧ ಸುರಕ್ಷತೆಯ ಕಾರ್ಯಕ್ರಮವು ಆರಿಸಿಕೊಂಡ ಮೂರು ಮುಖ್ಯ ವಿಷಯಗಳಲ್ಲಿ ಇದೂ ಒಂದು.

ನನ್ನ ತಂದೆಯವರು ಹಲವು ವರ್ಷಗಳಿಂದ ರಕ್ತದೊತ್ತಡಕ್ಕೆ ಅಮ್ಲೋಡಿಪಿನ್ 5 ಮಿಲಿಗ್ರಾಂ ಸೇವಿಸುತ್ತಿದ್ದರು. ನಗರದ ಒಂದು ಆಸ್ಪತ್ರೆಯಲ್ಲಿ ವಾರವಿದ್ದು ಹೊರಟಾಗ, ರಕ್ತದೊತ್ತಡದ್ದೇ ಇನ್ನೊಂದು ಮದ್ದಾದ ಟೆಲ್ಮಿಸಾರ್ಟನ್ ಮತ್ತು ಅಮ್ಲೋಡಿಪಿನ್ ಎರಡೂ ಸೇರಿದ ಮಾತ್ರೆಯೊಂದನ್ನು ಕಂಪೆನಿಯ ಹೆಸರಿನಲ್ಲಿ ಬರೆದುಕೊಟ್ಟರು. ಹಳೆಯದನ್ನು ನಿಲ್ಲಿಸಬೇಕೆಂದು ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಹೆಸರೂ ಬಣ್ಣವೂ ಬೇರೆಯಾದ್ದರಿಂದ ತಂದೆಯವರು ಎರಡನ್ನೂ ತೆಗೆದುಕೊಂಡರು. ಕೆಲವೇ ದಿನಗಳಲ್ಲಿ ಕಾಲು ಊದಿಕೊಂಡಿತು, ಏಳುವಾಗ ತಲೆ ತಿರುಗತೊಡಗಿತು. ಅಮ್ಲೋಡಿಪಿನ್ ಪ್ರಮಾಣ ಏರಿದಷ್ಟೂ ಪಾದ ಊದುವ ಸಂಭವ ಹೆಚ್ಚು; ಆದರೆ ಎರಡು ಚೀಟಿಗಳನ್ನು ಒಟ್ಟಿಗೆ ಕಾಣದ ಮತ್ತೊಬ್ಬ ವೈದ್ಯರು ಊತಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ಸೇರಿಸಿದರು, ತಲೆಸುತ್ತು ಇನ್ನೂ ಬಲವಾಯಿತು. ಎರಡೂ ಮಾತ್ರೆಗಳ ಸ್ಟ್ರಿಪ್ಪುಗಳನ್ನು ಅಕ್ಕಪಕ್ಕ ಇಟ್ಟು ಮೂಲ ಔಷಧದ ಹೆಸರನ್ನು ಓದಿದ ದಿನವೇ ನಮಗೆ ವಿಷಯ ತಿಳಿದದ್ದು. ಅಷ್ಟರಲ್ಲಿ ಅವರು ಬಚ್ಚಲಲ್ಲಿ ಒಮ್ಮೆ ಬಿದ್ದಾಗಿತ್ತು.

ಡಿಸ್ಚಾರ್ಜ್ ಚೀಟಿ ಯಾವುದನ್ನು ಸೇವಿಸಬೇಕೆಂದು ಹೇಳುತ್ತದೆ, ಯಾವುದನ್ನು ಬಿಟ್ಟಿದ್ದಾರೆಂದು ಹೇಳುವುದು ಕಡಿಮೆ. ಔಷಧಗಳನ್ನು ತಾಳೆ ನೋಡುವುದೆಂದರೆ, ರೋಗಿ ಮನೆಯಲ್ಲಿ ನಿಜವಾಗಿ ಸೇವಿಸುತ್ತಿದ್ದ ಪ್ರತಿಯೊಂದನ್ನೂ ಹೊಸ ಪಟ್ಟಿಯ ಎದುರಿಗಿಟ್ಟು, ಇದು ಮುಂದುವರಿಯಿತೇ, ಪ್ರಮಾಣ ಬದಲಾಯಿತೇ, ನಿಂತಿತೇ, ನಿಂತದ್ದಾದರೆ ಯಾಕೆ ಎಂದು ಬರೆಯುವುದು. ಮೆಡಿಕಲ್ಲಿನಿಂದ ತಂದ ನೋವಿನ ಮಾತ್ರೆಯೂ, ವೈದ್ಯರೆದುರು ಹೇಳಲು ನಾವು ಸಂಕೋಚಪಡುವ ಕಷಾಯವೂ ಈ ಲೆಕ್ಕಕ್ಕೆ ಸೇರಬೇಕು. ದಾಖಲಾಗುವಾಗ ಒಮ್ಮೆ, ಹೊರಡುವಾಗ ಒಮ್ಮೆ ಇದನ್ನು ಮಾಡಿಕೊಡಿರೆಂದು ಕೇಳುವುದಕ್ಕೆ ನಾವು ಹಿಂಜರಿಯಬಾರದು.

ಕೆಲವು ಮದ್ದುಗಳಲ್ಲಿ ತಪ್ಪು ಪ್ರಾಣಕ್ಕೇ ಬರುತ್ತದೆ. ಸಂಧಿವಾತಕ್ಕೆ ವಾರಕ್ಕೊಮ್ಮೆ ಕೊಡುವ ಮೆಥೊಟ್ರೆಕ್ಸೇಟನ್ನು ದಿನವೂ ಸೇವಿಸಿದರೆ ರಕ್ತಕಣಗಳ ಉತ್ಪತ್ತಿಯೇ ಕುಸಿಯಬಹುದು. ನಮ್ಮ ದೇಶದಲ್ಲಿ ಬಾಟಲಿಯ ಇನ್ಸುಲಿನ್ ಸಾಮಾನ್ಯವಾಗಿ ಮಿಲಿಲೀಟರಿಗೆ 40 ಯೂನಿಟ್, ಪೆನ್ನಿನದು 100; ಪೆನ್ನಿನ ಕೊಳವೆಯಿಂದ 40ರ ಸಿರಿಂಜಿನಲ್ಲಿ ಎಳೆದರೆ ಎರಡೂವರೆ ಪಟ್ಟು ದೇಹಕ್ಕೆ ಹೋಗುತ್ತದೆ. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತ ಮಕ್ಕಳನ್ನು ಸಾಕುತ್ತಿರುವ ತಾಯಂದಿರಿಗೆ ವಿಶೇಷವಾಗಿ ಹೇಳಬೇಕಾದ್ದು, ಅಪಸ್ಮಾರದ ಮದ್ದು ಪಟ್ಟಿಯಿಂದ ಬಿಟ್ಟುಹೋಗಿ ಥಟ್ಟನೆ ನಿಂತರೆ ಸೆಳವು ಮರುಕಳಿಸಬಹುದು.

2020ರಲ್ಲಿ ಕೊರೊನಾದಿಂದಾಗಿ ತಲಪಾಡಿಯ ದಾರಿ ಮುಚ್ಚಿದಾಗ, ಮಂಗಳೂರಿನಲ್ಲಿ ಚಿಕಿತ್ಸೆ ಪಡೆಯುತ್ತಿದ್ದವರು ತಮ್ಮನ್ನು ಎಂದೂ ಕಾಣದ ವೈದ್ಯರ ಬಳಿಗೆ ಹೋಗಬೇಕಾಯಿತು. ಪಟ್ಟಿಯ ಒಂದು ಪ್ರತಿ ನಮ್ಮ ಕೈಯಲ್ಲೇ ಇರಬೇಕೆಂದು ನಾನು ಒತ್ತಾಯಿಸುವುದು ಇದಕ್ಕೇ. ಪೊಟ್ಟಣದ ಮೇಲಿನ ಮೂಲ ಔಷಧದ ಹೆಸರನ್ನು ಇಂಗ್ಲಿಷಿನಲ್ಲಿ ಇದ್ದಂತೆಯೇ ಒಂದು ಪುಸ್ತಕದಲ್ಲಿ ನಕಲು ಮಾಡಿ, ಪಕ್ಕದಲ್ಲಿ ಯಾವ ಕಾಯಿಲೆಗೆ, ಎಷ್ಟು ಹೊತ್ತಿಗೆ ಎಂದು ಕನ್ನಡದಲ್ಲಿ ಬರೆದಿಡಿ. ನಿಲ್ಲಿಸಿದ್ದಕ್ಕೆ ಗೆರೆ ಎಳೆದು ತಾರೀಖು ಹಾಕಿ, ಹರಿದು ಬಿಸಾಡಬೇಡಿ. ದೀರ್ಘ ಕಾಯಿಲೆಯವರನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ನರ್ಸು ಮನೆಗೆ ಬಂದಾಗ ಈ ಪುಸ್ತಕದೊಂದಿಗೆ ಮದ್ದಿನ ಡಬ್ಬಿಯನ್ನೂ, ಕಪಾಟಿನ ಮೂಲೆಯಲ್ಲಿ ಉಳಿದ ಹಳೆಯ ಮಾತ್ರೆಗಳನ್ನೂ ಅವರ ಮುಂದೆ ಸುರಿಯಿರಿ.