ಚಿಕ್ಕ ಗ್ರೂಪ್, ದೊಡ್ಡ ಭ್ರಮೆ: ಹ್ಯಾಂಡ್‌ಲೋಡ್ ಪರೀಕ್ಷಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಹ್ಯಾಂಡ್‌ಲೋಡ್ ಮಾಡುವವರ, ಅಂದರೆ ತಮ್ಮ ತೋಟಾಗಳನ್ನು ತಾವೇ ತುಂಬಿಕೊಳ್ಳುವವರ, ಫೋನಿನಲ್ಲಿ ಒಂದು ಫೋಟೊ ಇದ್ದೇ ಇರುತ್ತದೆ. ಮೂರು ಗುಂಡು, ಒಂದೇ ತೂತು. "ನನ್ನ ರೈಫಲ್ ಹೀಗೆ ಹೊಡೆಯುತ್ತೆ" ಅಂತಾರೆ. ಅದಕ್ಕೆ ಮುಂಚೆ ಹೊಡೆದ ಗ್ರೂಪ್ (ಒಂದೇ ಗುರಿಗೆ ಹೊಡೆದ ಗುಂಡುಗಳ ತೂತುಗಳ ಗುಂಪು), ಆಮೇಲೆ ಹೊಡೆದ ಗ್ರೂಪ್ ಹೇಗಿತ್ತು ಅಂತ ಕೇಳಿ ನೋಡಿ, ಮಾತು ಬೇರೆ ಕಡೆ ಹೋಗುತ್ತದೆ. ನನ್ನ ಅಭಿಪ್ರಾಯ ನೇರವಾಗಿಯೇ ಹೇಳುತ್ತೇನೆ: ಲೋಡ್ ಡೆವಲಪ್‌ಮೆಂಟ್ (ರೈಫಲ್‌ಗೆ ಒಗ್ಗುವ ಪೌಡರ್, ಗುಂಡು, ಅಳತೆ ಹುಡುಕುವುದು) ಅಂತ ನಾವು ಮಾಡುವ ಕೆಲಸದಲ್ಲಿ ಬಹುಪಾಲು ಬರೀ ಅದೃಷ್ಟದ ಲೆಕ್ಕ.

ಸಾಮಾನ್ಯವಾಗಿ ಏನು ಮಾಡುತ್ತೇವೆ? ಪೌಡರನ್ನು, ಅಂದರೆ ಮದ್ದನ್ನು, 0.2, 0.3 ಗ್ರೇನ್‌ನಷ್ಟು (ಮದ್ದು ತೂಗುವ ಚಿಕ್ಕ ಅಳತೆ) ಏರಿಸುತ್ತಾ ಹೋಗುತ್ತೇವೆ. ಪ್ರತಿ ತೂಕಕ್ಕೂ ಮೂರು ಗುಂಡು. ಯಾವುದು ಚಿಕ್ಕ ಗ್ರೂಪ್ ಕೊಟ್ಟಿತೋ ಅದೇ ಗೆದ್ದಿತು. ಅಮೆರಿಕದ ಶೂಟರ್ ಕ್ರೈಟನ್ ಆಡೆಟ್ ಹೆಸರಿನ ಲ್ಯಾಡರ್ ಟೆಸ್ಟ್‌ನಲ್ಲಂತೂ ತೂಕಕ್ಕೊಂದೇ ಗುಂಡು. ಅದನ್ನು ದೂರದಲ್ಲಿ ಹೊಡೆದು, ಯಾವ ತೂಕಗಳು ಒಂದೇ ಎತ್ತರಕ್ಕೆ ಬಿದ್ದವು ಅಂತ ನೋಡುತ್ತಾರೆ. ಹಾಗೆ ಸಿಕ್ಕಿದ ಜಾಗಕ್ಕೆ 'ನೋಡ್' ಅಂತ ಹೆಸರು. ಅದೇ ಪರೀಕ್ಷೆಯನ್ನು ಮಾರನೇ ದಿನ ಮತ್ತೆ ಮಾಡಿ. ನೋಡ್ ಅದೇ ಜಾಗದಲ್ಲಿ ಇದ್ದರೆ ಸಂತೋಷ. ಜಾಗ ಬದಲಾಗಿದ್ದರೆ ಅದು ನೋಡ್ ಅಲ್ಲ, ಅಲ್ವಾ? ಹತ್ತು ಜನರ ಕೈಗೆ ದಾಳ ಕೊಟ್ಟರೆ ಯಾರಿಗಾದರೂ ಆರು ಬೀಳುವ ಸಾಧ್ಯತೆಯೇ ಹೆಚ್ಚು. ಅಷ್ಟಕ್ಕೇ ಅವರ ದಾಳ ಒಳ್ಳೆಯದು ಅಂತ ಯಾರೂ ಹೇಳುವುದಿಲ್ಲ.

ಇದಕ್ಕೆ ಲೆಕ್ಕವಿದೆ. ರೈಫಲ್ ಅದೇ, ಲೋಡ್ ಅದೇ, ಏನೂ ಬದಲಾಗಿಲ್ಲ ಅಂದುಕೊಳ್ಳಿ. ಆಗಲೂ 10 ಗುಂಡಿನ ಗ್ರೂಪ್ ಸರಾಸರಿಯಲ್ಲಿ 3 ಗುಂಡಿನ ಗ್ರೂಪಿನ ಸುಮಾರು 1.6 ಪಟ್ಟು ಇರುತ್ತದೆ. 3 ಗುಂಡಿನ ಗ್ರೂಪ್‌ಗಳು ತಮ್ಮ ತಮ್ಮಲ್ಲೇ ಬಹಳ ಏರುಪೇರಾಗುತ್ತವೆ. ಸರಾಸರಿ 20 ಮಿಲಿಮೀಟರ್ ಕೊಡುವ ರೈಫಲ್ ಒಮ್ಮೆ 12, ಇನ್ನೊಮ್ಮೆ 28 ಕೊಟ್ಟರೆ ಅಚ್ಚರಿಪಡುವಂಥದ್ದು ಏನೂ ಇಲ್ಲ. ನಾವು ಮಾತ್ರ 12 ಬಂದ ದಿನ ಪೌಡರಿಗೆ ಶಹಬ್ಬಾಸ್ ಅಂತೇವೆ, 28 ಬಂದ ದಿನ ಗಾಳಿಯನ್ನು ಬೈತೇವೆ.

ವೇಗದ ಅಂಕಿಗಳೂ ಹೀಗೇ. ಕ್ರೋನೋಗ್ರಾಫ್ (ಗುಂಡಿನ ವೇಗ ಅಳೆಯುವ ಯಂತ್ರ) ಇಟ್ಟು ಐದು ಗುಂಡು ಹೊಡೆದಿರಿ, ಸ್ಟ್ಯಾಂಡರ್ಡ್ ಡೀವಿಯೇಷನ್ (ವೇಗ ಸರಾಸರಿಯಿಂದ ಎಷ್ಟು ಚದುರುತ್ತದೆ ಅನ್ನುವ ಅಳತೆ) ಸೆಕೆಂಡಿಗೆ 10 ಅಡಿ ಬಂತು. ಐದೇ ಗುಂಡಿನಿಂದ ಹೇಳಬಹುದಾದದ್ದು ಇಷ್ಟು: ನಿಜವಾದ ಅಂಕಿ 6ರಿಂದ 29ರ ಒಳಗೆ ಎಲ್ಲೋ ಇದೆ, ಅದೂ 95 ಶೇಕಡಾ ಭರವಸೆಯಲ್ಲಿ. 6 ಆದರೆ ಬಹಳ ಒಳ್ಳೆಯ ಲೋಡ್. 29 ಆದರೆ ದೂರಕ್ಕೆ ಪ್ರಯೋಜನವಿಲ್ಲ. 30 ಗುಂಡು ಹೊಡೆದು ಅದೇ 10 ಬಂದರೆ ಆಗ 8ರಿಂದ 13ರ ಒಳಗೆ ಅನ್ನಬಹುದು.

100 ಗಜದಲ್ಲಿ ವೇಗದ ಏರುಪೇರು ಕಾಣುವುದೇ ಇಲ್ಲ, ಆದ್ದರಿಂದ ಅಲ್ಲಿ ತಲೆ ಕೆಡಿಸಿಕೊಳ್ಳಬೇಡಿ. 1000 ಗಜಕ್ಕೆ ಹೋದರೆ ಕಥೆ ಬೇರೆ. 6.5 ಕ್ರೀಡ್‌ಮೂರ್‌ನಂಥ ತೋಟಾದಲ್ಲಿ ಸೆಕೆಂಡಿಗೆ 10 ಅಡಿ ವ್ಯತ್ಯಾಸವಾದರೆ ಗುಂಡು ಎರಡೂವರೆಯಿಂದ ಮೂರು ಇಂಚು ಮೇಲೆ ಕೆಳಗೆ ಆಗುತ್ತದೆ.

ಹಾಗಾದರೆ ಶ್ರಮ ಎಲ್ಲಿ ಹಾಕಬೇಕು? ಕೇಸಿನ ಮೇಲೆ, ಅಂದರೆ ತೋಟಾದ ಹಿತ್ತಾಳೆ ಕೋಶದ ಮೇಲೆ. ಒಂದೇ ಲಾಟಿನ, ಅಷ್ಟೇ ಸಲ ಹೊಡೆದ ಕೇಸುಗಳನ್ನು ಒಟ್ಟಿಗೆ ಇಡಿ. ಸೈಜಿಂಗ್ ಡೈ (ಹೊಡೆದ ಕೇಸನ್ನು ಒತ್ತಿ ಮತ್ತೆ ಅಳತೆಗೆ ತರುವ ಅಚ್ಚು) ಹೊಂದಿಸುವುದಕ್ಕೆ ನನಗೆ ಇಷ್ಟವಾದ ವಿಧಾನ ಹೇಳುತ್ತೇನೆ. ಬೋಲ್ಟಿನಿಂದ ಫೈರಿಂಗ್ ಪಿನ್ ಮತ್ತು ಎಜೆಕ್ಟರ್ (ಖಾಲಿ ಕೇಸನ್ನು ಹೊರಗೆಸೆಯುವ ಭಾಗ) ಬಿಚ್ಚಿಡಿ. ಅದೇ ರೈಫಲ್‌ನಲ್ಲಿ ಎರಡು ಮೂರು ಸಲ ಹೊಡೆದ ಖಾಲಿ ಕೇಸನ್ನು ಚೇಂಬರಿಗೆ (ಬ್ಯಾರೆಲ್‌ನಲ್ಲಿ ತೋಟಾ ಕೂರುವ ಜಾಗ) ಹಾಕಿ ಬೋಲ್ಟ್ ಮುಚ್ಚಿ. ಬೋಲ್ಟಿನ ಹಿಡಿ ನಡುವೆಯೇ ತಡೆಯುತ್ತದೆ. ಡೈಯನ್ನು ಸ್ವಲ್ಪ ಕೆಳಗಿಳಿಸಿ, ಕೇಸನ್ನು ಸೈಜ್ ಮಾಡಿ, ಮತ್ತೆ ಹಾಕಿ ನೋಡಿ. ಇನ್ನೂ ಸ್ವಲ್ಪ ಇಳಿಸಿ. ಒಂದು ಹಂತದಲ್ಲಿ ಹಿಡಿ ತನ್ನ ಭಾರಕ್ಕೇ ಟಕ್ ಅಂತ ಕೆಳಗೆ ಬೀಳುತ್ತದೆ. ಅಲ್ಲಿಗೆ ನಿಲ್ಲಿಸಿ. ಕೇಸಿನ ಭುಜ (ಕತ್ತಿನ ಕೆಳಗಿನ ಇಳಿಜಾರು) ಹಿಂದೆ ಸರಿದಿರುವುದು ಬರೀ ಒಂದೆರಡು ಸಾವಿರಾಂಶ ಇಂಚು. ಅದಕ್ಕಿಂತ ಜಾಸ್ತಿ ತಳ್ಳಿದರೆ ಪ್ರತಿ ಸಲವೂ ಹಿತ್ತಾಳೆ ಹಿಗ್ಗಿ, ಬುಡದ ಹತ್ತಿರ ತೆಳುವಾಗಿ, ಕೊನೆಗೆ ಕೇಸ್ ಎರಡಾಗಿ ತುಂಡಾಗುತ್ತದೆ.

ಕತ್ತಿನ ಹಿಡಿತವೂ (ಕೇಸಿನ ಕತ್ತು ಗುಂಡನ್ನು ಹಿಡಿಯುವ ಬಿಗಿ) ಒಂದೇ ಸಮ ಇರಬೇಕು. ಗುಂಡು ಕೂರಿಸುವಾಗ ಪ್ರೆಸ್ಸಿನ ಹಿಡಿಯಲ್ಲೇ ಇದು ಗೊತ್ತಾಗುತ್ತದೆ. ಒಂದು ಬೆಣ್ಣೆಯಂತೆ ಇಳಿದು ಇನ್ನೊಂದು ಕಚ್ಚಿಕೊಂಡರೆ ಆ ಎರಡನ್ನೂ ಪಕ್ಕಕ್ಕಿಡಿ, ಸೈಟ್ ಹೊಂದಿಸುವುದಕ್ಕೆ ಆಗುತ್ತವೆ. ತೋಟಾದ ಉದ್ದವನ್ನು ಗುಂಡಿನ ತುದಿಯಿಂದ ಅಳೆಯಬೇಡಿ, ತುದಿಗಳು ಒಂದೇ ಸಮ ಇರುವುದಿಲ್ಲ. ಕಂಪ್ಯಾರೇಟರ್ (ಕ್ಯಾಲಿಪರಿಗೆ ಸಿಕ್ಕಿಸುವ ಅಳತೆಯ ತುಂಡು) ಹಾಕಿ ಓಜೈವಿನಿಂದ (ಗುಂಡಿನ ಮೂತಿಯ ಬಾಗಿದ ಭಾಗ) ಅಳೆಯಿರಿ.

ಪೌಡರ್ ತೂಕದ ವಿಷಯದಲ್ಲಿ ಕೆಲವರದು ಅತಿ. ಕಡ್ಡಿಯಂಥ ಪೌಡರಿನ ಒಂದು ಕಾಳು ಸುಮಾರು 0.02 ಗ್ರೇನ್ ತೂಗುತ್ತದೆ. ಚಿಮುಟದಿಂದ ಒಂದೊಂದೇ ಕಾಳು ಎತ್ತಿ ಹಾಕುವವರನ್ನು ನೋಡಿದ್ದೇನೆ. ಕತ್ತಿನ ಹಿಡಿತ ಸರಿಯಿಲ್ಲದವರಿಗೆ ಅದು ಸುಮ್ನೆ ಟೈಂಪಾಸ್.

ಒಂದು ವಿಷಯದಲ್ಲಿ ಮಾತ್ರ ರಾಜಿ ಇಲ್ಲ. ಪೌಡರ್ ಕಂಪನಿ ಅಥವಾ ಗುಂಡಿನ ಕಂಪನಿ ಪ್ರಕಟಿಸಿದ ಪಟ್ಟಿಯ ಕೆಳಗಿನ ತೂಕದಿಂದಲೇ ಶುರು ಮಾಡಿ. ಮೇಲಿನ ಮಿತಿ ದಾಟಬೇಡಿ. ಬೋಲ್ಟ್ ಎತ್ತುವುದು ಬಿಗಿಯಾದರೆ, ಕೇಸಿನ ತಳದಲ್ಲಿ ಎಜೆಕ್ಟರಿನ ಹೊಳೆಯುವ ಗುರುತು ಬಿದ್ದರೆ, ಪ್ರೈಮರ್ (ಕೇಸಿನ ತಳದಲ್ಲಿ ಪೌಡರಿಗೆ ಕಿಡಿ ಹೊತ್ತಿಸುವ ಭಾಗ) ಚಪ್ಪಟೆಯಾದರೆ ಅಲ್ಲೇ ನಿಲ್ಲಿಸಿ. ಈ ಗುರುತುಗಳು ಮಿತಿಯೊಳಗಿನ ತೂಕದಲ್ಲೂ ಬರಬಹುದು. ಯಾವುದೂ ಕಾಣದಿದ್ದ ಮಾತ್ರಕ್ಕೆ ಒತ್ತಡ ಕಡಿಮೆ ಇದೆ ಅಂತಲೂ ಅಲ್ಲ. ಮೇಜಿನ ಮೇಲೆ ಒಂದು ಸಲಕ್ಕೆ ಒಂದೇ ಪೌಡರ್ ಡಬ್ಬಿ.

ಮಿತಿಗಿಂತ ಸ್ವಲ್ಪ ಕೆಳಗೆ, ನಿಮಗೆ ಬೇಕಾದ ವೇಗ ಸಿಗುವ ತೂಕ ಹಿಡಿಯಿರಿ. ಎರಡು ಮೂರು ಸೀಟಿಂಗ್ ಅಳತೆಗಳನ್ನು (ಕೇಸಿನಲ್ಲಿ ಗುಂಡು ಕೂರುವ ಆಳ) ಮಾತ್ರ ಹೋಲಿಸಿ, ಆದರೆ ಪ್ರತಿಯೊಂದಕ್ಕೂ ಇಪ್ಪತ್ತು ಗುಂಡು ಕೊಡಿ. ಬ್ಯಾರೆಲ್ ಬಿಸಿಯಾದರೆ ಕಾಯಿರಿ. ಅತಿ ದೂರ ಬಿದ್ದ ಎರಡು ತೂತಿನ ಅಂತರ ಅಳೆದರೆ ಉಳಿದ ಹದಿನೆಂಟು ಗುಂಡು ದಂಡ. ಅದರ ಬದಲು ಗ್ರೂಪಿನ ನಡುವಿನಿಂದ ಒಂದೊಂದು ತೂತಿಗೂ ಇರುವ ದೂರದ ಸರಾಸರಿ ತೆಗೆಯಿರಿ. ಇಷ್ಟು ಮಾಡಿದ ಮೇಲೂ ಎರಡು ಲೋಡುಗಳ ನಡುವೆ ವ್ಯತ್ಯಾಸ ಕಾಣದಿದ್ದರೆ ಸುಲಭವಾಗಿ ಸಿಗುವ ಗುಂಡನ್ನೇ ಆರಿಸಿಕೊಳ್ಳಿ. ತೀರಾ ಕೆಟ್ಟದ್ದಾದರೆ ಪೌಡರನ್ನು ತಿದ್ದುತ್ತಾ ಕೂರಬೇಡಿ, ಗುಂಡನ್ನೇ ಬದಲಿಸಿ. ಗುಂಡು ಬದಲಾದಾಗ ಆಗುವ ವ್ಯತ್ಯಾಸ 0.2 ಗ್ರೇನ್ ಪೌಡರಿನಿಂದ ಆಗುವುದಿಲ್ಲ.

ಹೊಸ ಬ್ಯಾರೆಲ್ ಆದರೆ ಮೊದಲ ನೂರಿನ್ನೂರು ಗುಂಡಿನೊಳಗೆ ವೇಗ ಏರುವುದುಂಟು, ಅಲ್ಲಿಯವರೆಗೆ ಯಾವ ಲೋಡನ್ನೂ ಅಂತಿಮ ಅನ್ನಬೇಡಿ. ಪೌಡರಿನ ಲಾಟ್ ಬದಲಾದಾಗ ಹಳೆಯ ತೂಕವನ್ನು ಹಾಗೇ ಹಾಕದೆ, ಮತ್ತೆ ಕೆಳಗಿನಿಂದ ಏರಿಸಿ, ಕ್ರೋನೋಗ್ರಾಫ್‌ನಲ್ಲಿ ಹಳೆಯ ವೇಗಕ್ಕೆ ಹೊಂದಿಸಿ. ಲಾಟ್ ನಂಬರ್ ತೋಟಾ ಡಬ್ಬಿಯ ಮೇಲೂ ಬರೆದಿರಲಿ.

ಇನ್ನು ಪ್ರಶ್ನೆಗಳನ್ನು ಕೇಳಿ.